ಅಳತೆಗೆ ಮಾತ್ರ ಇಟ್ಟ ಮಕ್ಕಳು

ಮಾರ್ಚ್ ೧೧, ಸೋಮವಾರ

ಮಗಳೇ,

ನಾಲ್ಕು ಲಕ್ಷ ನನ್ನದು, ಒಂಬತ್ತು ಲಕ್ಷ ಯಾವುದೋ ಪ್ರತಿಷ್ಠಾನದ್ದು. ಹದಿಮೂರು ಲಕ್ಷ ಉಡಾಯಿಸಿ ಆ ದೊಡ್ಡ ಮನುಷ್ಯರು ಏನು ಕಂಡುಹಿಡಿದರು ಅಂತ ಹೇಳೋದಕ್ಕೇ ಈ ಕಾಗದ. ತಡವಾಯಿತು, ಬೈದುಕೊಳ್ಳಬೇಡ. ಕೋಪ ಇಳಿಯಲಿ ಅಂತ ಕಾದೆ, ಇಳಿಯಲಿಲ್ಲ. ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ತಾನೇ?

ನೀನು ಮತ್ತೆ ಮದುವೆಯಾಗಿ ಹೋದಾಗಿನಿಂದ ನಿನ್ನ ಪುಟ್ಟಿ ಶಾಲೆಯಲ್ಲಿ ಬಾಯಿ ಬಿಡುತ್ತಿಲ್ಲ ಅಂತ ಹೇಳಿದ್ದೆನಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೇ. ಅದೇ ಹೊತ್ತಿಗೆ ಶಾಲೆಗೆ ‘ವಿದ್ಯಾರ್ಥಿ ಕ್ಷೇಮ ಸಂಶೋಧನಾ ಯೋಜನೆ’ ಬಂತು. ಅದರ ನಿರ್ದೇಶಕರಿಗೆ ವಯಸ್ಸು ಮೂವತ್ತೈದು, ಗತ್ತು ಅರವತ್ತರದ್ದು. ಆಪ್ತಸಮಾಲೋಚಕಿ ವಾರಕ್ಕೆರಡು ಸಲ ಮಕ್ಕಳನ್ನು ಮಾತಾಡಿಸುತ್ತಾರೆ ಅಂದರು. ಪುಟ್ಟಿ ಬಾಯಿ ಬಿಟ್ಟರೆ ಸಾಕು ಅಂತ ಚೆಕ್ ಬರೆದುಕೊಟ್ಟೆ.

ಎರಡು ತಿಂಗಳಾದರೂ ಆಪ್ತಸಮಾಲೋಚಕಿ ಅವಳನ್ನು ಕರೆಯಲಿಲ್ಲ. ಹೋಗಿ ನಿರ್ದೇಶಕರನ್ನೇ ಕೇಳಿದೆ.

“ಸರ್, ನಿಮ್ಮ ಮೊಮ್ಮಗಳು ಹೋಲಿಕೆಯ ಗುಂಪಿಗೆ ಬಿದ್ದಿದ್ದಾಳೆ. ಚೀಟಿ ಎತ್ತಿದ್ವಿ.”

“ಹಾಗಂದ್ರೆ?”

“ಅರ್ಧ ಮಕ್ಕಳಿಗೆ ನೆರವು ಕೊಡ್ತೀವಿ. ಇನ್ನರ್ಧಕ್ಕೆ ಕೊಡಲ್ಲ, ಬರೀ ಅಳೀತೀವಿ. ಆಗ ತಾನೇ ವ್ಯತ್ಯಾಸ ಗೊತ್ತಾಗೋದು?”

“ನನ್ನ ಮೊಮ್ಮಗಳು ಎಷ್ಟು ಸೊರಗ್ತಾಳೆ ಅಂತ ನನ್ನ ದುಡ್ಡಲ್ಲೇ ನೋಡ್ತೀರಾ?”

“ಭಾವುಕರಾಗಬೇಡಿ ಸರ್. ಅವಳನ್ನ ಈ ಕಡೆ ಹಾಕಿದ್ರೆ ಸಂಶೋಧನೆ ಕೆಡುತ್ತೆ.”

“ನನ್ನ ಗುಜರಿ ಅಂಗಡೀಲಿ ತುಕ್ಕು ಹಿಡಿಯೋ ಕಬ್ಬಿಣಾನೂ ಹೀಗೆ ನೋಡ್ತಾ ಕೂರಲ್ಲ ಕಣಯ್ಯಾ!”

ನಕ್ಕು ಕಾಫಿ ತರಿಸಿದರು. ಅದೂ ನನ್ನ ಲೆಕ್ಕಕ್ಕೇ.

ಪುಟ್ಟಿಯ ಗುಂಪನ್ನು ಅಳೆಯೋದಕ್ಕೆ ತಿಂಗಳಿಗೊಮ್ಮೆ ಒಬ್ಬ ಹುಡುಗಿ ಬರುತ್ತಿದ್ದಳು, ದಿನಗೂಲಿಯವಳು. ‘ನಿದ್ದೆ ಬರುತ್ತಾ? ಊಟ ಸೇರುತ್ತಾ? ಬೇಜಾರಾದಾಗ ಏನು ಮಾಡ್ತೀಯ?’ ಒಂದೊಂದು ಮಗುವಿನ ಪಕ್ಕ ಕೂತು ಕೇಳಬೇಕು, ಉತ್ತರ ಬರುವವರೆಗೂ ಕಾಯಬೇಕು, ಅದು ನಿಯಮವಂತೆ. ಆ ಹುಡುಗಿ ಕಾದಳು. ಮೂರನೇ ಸಲ ಪುಟ್ಟಿ ಉತ್ತರ ಕೊಟ್ಟಳು. ಒಂದು ದಿನ ಹಾಜರಿಗೆ ‘ಬಂದಿದ್ದೀನಿ ಮಿಸ್’ ಅಂದಳಂತೆ. ಟೀಚರು ಫೋನಿನಲ್ಲಿ ಅದನ್ನು ಹೇಳುತ್ತಾ ಅತ್ತೇಬಿಟ್ಟರು.

ಆರು ತಿಂಗಳಿಗೆ ವರದಿ ಬಂತು. ಎರಡೂ ಗುಂಪು ಸಮನಾಗಿ ಸುಧಾರಿಸಿವೆ, ಆದ್ದರಿಂದ ನೆರವಿನಿಂದ ಪ್ರಯೋಜನವಿಲ್ಲ! ಅಲ್ಲಿಗೆ ಎಲ್ಲ ಮುಚ್ಚಿದರು. “ಪ್ರಶ್ನೆ ಕೇಳೋ ಹುಡುಗಿಯನ್ನಾದ್ರೂ ಕಳಿಸಿ, ಸಂಬಳ ನಾನು ಕೊಡ್ತೀನಿ” ಅಂತ ಗೋಗರೆದೆ. “ಅವಳು ನೆರವಲ್ಲ ಸರ್, ಅಳತೆ” ಅಂದರು. ಇಷ್ಟು ಓದಿಯೂ ಇಷ್ಟು ದಡ್ಡರಾಗಿ ಉಳಿಯೋದಕ್ಕೆ ಬಹಳ ಶ್ರಮಪಟ್ಟಿರಬೇಕು. ಆ ಹುಡುಗಿ ಬೇರೆ ಊರಲ್ಲಿ ಕೆಲಸ ಹಿಡಿದು ಹೋದಳು. ಪುಟ್ಟಿ ಹಾಜರಿಗೆ ಮತ್ತೆ ಬರೀ ಕೈ ಎತ್ತುತ್ತಿದ್ದಾಳೆ.

ನಿಮ್ಮಿಬ್ಬರ ಮನೆ ನಗುನಗುತ್ತಾ ಇರಲಿ. ಆರೋಗ್ಯ ನೋಡಿಕೊಳ್ಳಿ.

ನಿನ್ನ
ಅಪ್ಪ

ತಾ.ಕ.: ನಿನ್ನೆ ಆ ಪ್ರಶ್ನೆಗಳನ್ನು ನಾನೇ ಕೇಳಿದೆ. “ಬೇಜಾರಾದಾಗ ಏನು ಮಾಡ್ತೀಯ ಪುಟ್ಟಿ?”

“ಹೇಳಲ್ಲ. ನೀವು ಅಮ್ಮಂಗೆ ಬರೀತೀರ.”

“ಬರೆದ್ರೆ ಏನಾಯ್ತು?”

“ಅಮ್ಮ ವಾಪಸ್ ಬರಬೇಕಾಗುತ್ತೆ ತಾತ. ಪಾಪ.”

ಯಾರಿಗೆ ಏನು ಸಿಕ್ಕಿತು ಅಂತ ನೋಡಿದರೆ, ನಿರ್ದೇಶಕರಿಗೆ ಬಡ್ತಿ. ಶಾಲೆಗೆ ಒಂದು ಸೋಫಾ. ನನಗೆ ಹೆಸರು ಕೆತ್ತಿದ ಫಲಕ. ನಿನಗೆ, ಈ ಕಾಗದ ತಲುಪುವವರೆಗೆ, ನೆಮ್ಮದಿ. ಪುಟ್ಟಿಗೆ ಆರು ತಿಂಗಳು ಯಾರೋ ಒಬ್ಬಳು.