ಗೋಡೆ ತಾತ್ಕಾಲಿಕ, ಗುಂಡಿ ಶಾಶ್ವತ

ಕಟ್ಟಡ ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮನುಕುಲ ಗುಹೆಯಿಂದ ಹೊರಬಂದು ಮನೆ ಕಟ್ಟಲು ಕಲಿತ ದೀರ್ಘ ಇತಿಹಾಸದಲ್ಲಿ ದಪ್ಪ ಅಕ್ಷರಗಳಿಂದ ದಾಖಲಾಗಬೇಕಾದ ಘಟನೆಯೊಂದನ್ನು ಈ ಮೂಲಕ ಲೋಕದ ಗಮನಕ್ಕೆ ತರುತ್ತಿದ್ದೇನೆ: ನಮ್ಮ ಹಿತ್ತಲಿನ ಹೊಸ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಕೂತಿದೆ. ಹಾಕಿದರೆ ಬೀಳುತ್ತದೆ, ತೆಗೆದರೆ ಬರುತ್ತದೆ. ಇದನ್ನು ಸಣ್ಣ ಸಾಧನೆ ಎಂದು ತಾವು ಭಾವಿಸಕೂಡದು. ಆ ಕೋಣೆಯ ಮೇಲ್ವಿಚಾರಣೆ ನನ್ನದಾಗಿತ್ತು.

ಚಿಲಕ ಕೂತ ಮರುದಿನವೇ ತಮ್ಮ ಕಚೇರಿಯಿಂದ ಎರಡು ನೋಟಿಸುಗಳು ಒಂದೇ ಲಕೋಟೆಯಲ್ಲಿ ಅವಳಿ ಮಕ್ಕಳಂತೆ ಬಂದವು. ಮೊದಲನೆಯದರ ಪ್ರಕಾರ, ಕೋಣೆಯ ಗೋಡೆ ಮಣ್ಣಿನದಾದ್ದರಿಂದ ಅದು ‘ತಾತ್ಕಾಲಿಕ ರಚನೆ’. ಅದರಲ್ಲಿ ಯಾರೂ ವಾಸಿಸಕೂಡದು, ತೆರವುಗೊಳಿಸಬೇಕು. ಎರಡನೆಯದರ ಪ್ರಕಾರ, ಆ ಮಣ್ಣು ತೆಗೆದ ಗುಂಡಿಯಲ್ಲಿ ನೀರು ನಿಂತಿರುವುದರಿಂದ ಅದು ಅನುಮತಿಯಿಲ್ಲದೆ ನಿರ್ಮಿಸಿದ ‘ಶಾಶ್ವತ ಜಲಸಂಗ್ರಹ ರಚನೆ’, ಕೂಡಲೇ ಮುಚ್ಚಬೇಕು. ಅಂದರೆ ನಾನು ಬೆವರು ಸುರಿಸಿ ಕಟ್ಟಿದ್ದು ತಾತ್ಕಾಲಿಕ, ಕಟ್ಟಬೇಕೆಂದು ಕನಸಿನಲ್ಲೂ ಎಣಿಸದಿದ್ದದ್ದು ಶಾಶ್ವತ. ನನ್ನ ಬದುಕಿನ ಬಗ್ಗೆ ಇಷ್ಟು ನಿಖರವಾದ ವಿಮರ್ಶೆಯನ್ನು ನನ್ನ ಹೆಂಡತಿಯೂ ಇದುವರೆಗೆ ಬರೆದುಕೊಟ್ಟಿರಲಿಲ್ಲ.

ಕೋಣೆ ಯಾರಿಗಾಗಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ತಮ್ಮ ನೋಟಿಸಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಅದು ನನ್ನ ಹೆಂಡತಿಯ ತಾಯಿಗಾಗಿ. ನಮ್ಮ ಅತ್ತೆ ಹುಟ್ಟಿದ ಮನೆಯಲ್ಲಿ ತಂಗಿಯರ ಜೊತೆ ಒಂದು ಕೋಣೆ ಹಂಚಿಕೊಂಡರು, ಮದುವೆಯಾದ ಮೇಲೆ ತುಂಬಿದ ಮನೆಯನ್ನು ಹಂಚಿಕೊಂಡರು, ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ ಸೇರಿದಾಗ ಸಾಲಾಗಿ ಕೂತು ಊರವರ ಮಾತುಗಳನ್ನೆಲ್ಲ ಹಂಚಿಕೊಂಡರು. ಸೊಂಟದ ಮೂಳೆ ಮುರಿದು ಮೆಟ್ಟಿಲು ಹತ್ತಲಾಗದಂತಾದ ಮೇಲೆ ನಮ್ಮ ಹಜಾರಕ್ಕೆ ಬಂದರು. ಒಂದು ಕಡೆ ಟಿ.ವಿ., ಇನ್ನೊಂದು ಕಡೆ ಚಪ್ಪಲಿ ಸ್ಟ್ಯಾಂಡು, ನಡುವೆ ಅವರ ಮಂಚ, ಮಂಚಕ್ಕೊಂದು ಪರದೆ. ಹಾದುಹೋಗುವವರೆಲ್ಲ ಪರದೆ ಸರಿಸಿ “ಮಲಗಿದ್ದೀರಾ?” ಎಂದು ಅಕ್ಕರೆಯಿಂದ ಕೇಳಿ ಎಬ್ಬಿಸುತ್ತಿದ್ದರು. ಅವರಲ್ಲಿ ಅಗ್ರಗಣ್ಯ ನಾನೇ.

ಹಿತ್ತಲಲ್ಲಿ ಒಂದು ಕೋಣೆ ಕಟ್ಟೋಣ ಎಂದು ತೀರ್ಮಾನವಾದಾಗ ಅವರು ಕೇಳಿದ್ದು ಒಂದನ್ನೇ. “ಅಳಿಯಂದ್ರೇ, ಗೋಡೆ ನೀವು ಯಾವುದರಲ್ಲಾದ್ರೂ ಕಟ್ಕೊಳ್ಳಿ. ನನಗೆ ಒಳಗಿಂದ ಹಾಕ್ಕೊಳ್ಳೋ ಚಿಲಕ ಒಂದಿದ್ರೆ ಸಾಕು.”

ಬೇರೆ ಯಾರೇ ಆಗಿದ್ದರೂ ಇಷ್ಟು ಹೊತ್ತಿಗೆ ಕೋಣೆ ಎದ್ದು ಸುಣ್ಣ ಬಣ್ಣ ಕಂಡಿರುತ್ತಿತ್ತು. ನನ್ನ ಹೆಂಡತಿಯ ತಮ್ಮ ಸಿಮೆಂಟ್ ಅಂಗಡಿಯವನು. ಅಂಗಡಿಯ ಮೇಲೆಯೇ, ಏಣಿಯಂಥ ಮೆಟ್ಟಿಲು ಹತ್ತಿ ಹೋಗುವ ಮನೆ ಅವನದು; ತಾಯಿಯನ್ನು ಅಲ್ಲಿಗೆ ಕರೆದೊಯ್ಯಲಾಗದ ಸಂಕಟಕ್ಕೆ ಬೇಕಾದಷ್ಟು ಮೂಟೆ ತಂದು ಇಳಿಸುವುದಾಗಿ ಅವನು ಹೇಳಿದ. ಆದರೆ ದುರದೃಷ್ಟವಶಾತ್ ನಾನು ಅದೇ ವಾರ ನನ್ನ ಅಂಕಣದಲ್ಲಿ ಸಿಮೆಂಟು ಭೂಮಿಯನ್ನು ಹೇಗೆ ಬಿಸಿಯಾಗಿಸುತ್ತಿದೆ ಎಂದು ಬರೆದಿದ್ದೆ. ಇಂಥ ಲೇಖನ ಓದಿದವರು ಒಂದೆರಡು ದಿನದಲ್ಲಿ ಸುಧಾರಿಸಿಕೊಳ್ಳುತ್ತಾರೆ. ಬರೆದವನ ಗತಿ ಹಾಗಲ್ಲ, ಓದುಗರು ದಾರಿಯಲ್ಲಿ ಸಿಗುತ್ತಾರೆ. ಮನೆ ಕಟ್ಟಿ ನೋಡು ಎಂದು ಎಚ್ಚರಿಸಿದ ಹಿರಿಯರು, ಊರಿಗೆ ಉಪದೇಶ ಮಾಡಿದ ಮೇಲೆ ಒಂದೇ ಒಂದು ಕೋಣೆ ಕಟ್ಟಿ ನೋಡು ಎಂದು ಸೇರಿಸಬೇಕಿತ್ತು.

ಹಾಗಾಗಿ ಇರಲಾರದೆ ಇರುವೆ ಬಿಟ್ಟುಕೊಂಡೆ. ಮನೆಯವರನ್ನೆಲ್ಲ ಊಟದ ಮೇಜಿನ ಸುತ್ತ ಕೂರಿಸಿ, ಕೋಣೆಗೆ ಬೇಕಾದ ಮಣ್ಣು ನಮ್ಮ ಹಿತ್ತಲಲ್ಲೇ ಇದೆ, ಬಾಗಿಲು ಯಾವುದೋ ಕೆಡವಿದ ಕಟ್ಟಡದಲ್ಲಿದೆ, ಮಾಡಿಗೆ ಬಿದಿರಿದೆ, ಹಳೆಯ ಹೆಂಚಿದೆ, ನಾವು ಭೂಮಿತಾಯಿಯಿಂದ ಹೊಸದಾಗಿ ಏನನ್ನೂ ಕಿತ್ತುಕೊಳ್ಳಬೇಕಾಗಿಲ್ಲ ಎಂದು ಭಾಷಣ ಮಾಡಿದೆ. ಅತ್ತೆ ಪರದೆಯ ಹಿಂದಿನಿಂದ ಚಿಲಕ ಎಲ್ಲಿದೆ ಎಂದು ಕೇಳಿದರು.

ಮೊದಲ ಇಟ್ಟಿಗೆಯನ್ನು ನಾನೇ ಮಾಡಿದೆ. ಹದ ನೋಡಿ, ಅಚ್ಚಿಗೆ ಒತ್ತಿ, ಒಣಗಿಸಿ, ಗಟ್ಟಿತನದ ಪರೀಕ್ಷೆಗೆಂದು ನೀರಿನ ಬಕೆಟ್ಟಿನಲ್ಲಿಟ್ಟೆ. ಮರುದಿನ ಬಕೆಟ್ಟಿನಲ್ಲಿ ಮಂದವಾದ ಕಾಫಿ ಇತ್ತು, ಇಟ್ಟಿಗೆ ಇರಲಿಲ್ಲ. ಭಾವಮೈದ ಬಗ್ಗಿ ನೋಡಿ, “ಭಾವ, ಅಮ್ಮನಿಗೆ ಕೋಣೆ ಜೊತೆ ದೊಡ್ಡದೊಂದು ಛತ್ರೀನೂ ಕೊಡಿಸ್ತೀರೋ ಹೇಗೆ?” ಎಂದು ಗಂಭೀರವಾಗಿ ವಿಚಾರಿಸಿದ. ಆಮೇಲೆ ನಾನು ಪುಸ್ತಕ ಓದುವುದನ್ನು ಬಿಟ್ಟು ಇಂಥ ಮನೆ ಕಟ್ಟಿದವರ ಹತ್ತಿರ ಹೋಗಿ ಕೇಳಿ ಬಂದೆ. ಮಣ್ಣನ್ನು ಜರಡಿ ಹಿಡಿಯಬೇಕು, ಮರಳು ಬೆರೆಸಬೇಕು, ಕೈಯಲ್ಲಿ ಎಳೆಯುವ ಯಂತ್ರದಲ್ಲಿ ಬಿಗಿಯಾಗಿ ಒತ್ತಬೇಕು, ಒದ್ದೆ ಗೋಣಿ ಹೊದಿಸಿ ವಾರಗಟ್ಟಲೆ ನೀರುಣಿಸಬೇಕು. ಮತ್ತು ಒಂದಿಷ್ಟು, ಬಹಳ ಅಂದರೆ ಬಹಳ ಸ್ವಲ್ಪ, ಸಿಮೆಂಟು ಸೇರಿಸಬೇಕು. ಈ ಕೊನೆಯ ಮಾತನ್ನು ನಾನು ಮನೆಯಲ್ಲಿ ಮೆಲ್ಲಗೆ ಹೇಳಿದೆ. ಭಾವಮೈದ ಮಾತ್ರ ಕೇಳಿಸಿಕೊಂಡ. ಅಂದಿನಿಂದ ಇಂದಿನವರೆಗೆ ಆ ಗೋಡೆ ನಿಂತಿರುವುದಕ್ಕೆ ಏಕೈಕ ಕಾರಣ ತನ್ನ ಅಂಗಡಿಯ ಮೂಟೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದಾನೆ.

ಎರಡನೇ ಸರದಿಯ ಇಟ್ಟಿಗೆ ಬಕೆಟ್ಟಿನಿಂದ ಇಟ್ಟಿಗೆಯಾಗಿಯೇ ಹೊರಬಂತು. ಕಲ್ಲಿನ ತಳಪಾಯದ ಮೇಲೆ ಗೋಡೆ ಏಳತೊಡಗಿತು. ಆದರೆ ಮಾನ್ಯರೇ, ಮಣ್ಣು ಒಂದು ಕಡೆ ಏರಿದಷ್ಟು ಇನ್ನೊಂದು ಕಡೆ ಇಳಿಯುತ್ತದೆ ಎಂಬುದು ಯಾವ ಲೇಖನದಲ್ಲೂ ಇರಲಿಲ್ಲ, ನನ್ನದರಲ್ಲಂತೂ ಇರಲೇ ಇಲ್ಲ. ಹಿತ್ತಲಲ್ಲಿ ಗುಂಡಿ ಬಿತ್ತು. ಮಳೆ ಬಂದು ತುಂಬಿತು. ಅದನ್ನು ಕಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬಿದಿರನ್ನು ನೀರಿನಲ್ಲಿ ನೆನೆಸಿಟ್ಟರೆ ಹುಳು ಹಿಡಿಯುವುದಿಲ್ಲ ಎಂದು ತಿಳಿದಿತ್ತು. ಮಾಡಿಗೆ ತಂದಿದ್ದ ಬಿದಿರನ್ನೆಲ್ಲ ಅದರಲ್ಲಿ ಮುಳುಗಿಸಿದೆ. ಹುಳುವೇನೋ ಹಿಡಿಯಲಿಲ್ಲ, ವಾಸನೆ ಹಿಡಿಯಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು, ಆಮೇಲೆ ಬಾಗಿಲು ಮುಚ್ಚಿದರು, ಕೊನೆಗೆ ತಮ್ಮ ಕಚೇರಿಯ ಬಾಗಿಲು ತೆರೆದರು.

ಅವರ ದೂರಿನ ಮೇಲೆ ತಮ್ಮ ತಪಾಸಕರು ಬಂದರು. ಆ ವೇಳೆಗೆ ನೆನೆದು ಒಣಗಿದ ಬಿದಿರು ಮಾಡು ಸೇರಿ ಹೆಂಚು ಹೊದ್ದಿತ್ತು. ಉಳಿದ ಎರಡು ಕಟ್ಟು, ಎದುರಿನ ಚಪ್ಪರಕ್ಕೆಂದು, ಗುಂಡಿಯಲ್ಲೇ ತೇಲುತ್ತಿದ್ದವು. ಮೇಸ್ತ್ರಿ ಮತ್ತು ನಾನು ಸೇರಿ ಬಾಗಿಲನ್ನು ಕೂರಿಸಿದ ದಿನವೂ ಅದೇ ಆಗಿತ್ತು. ಆ ಬಾಗಿಲು ಹಳೆಯ ಆಸ್ಪತ್ರೆಯೊಂದನ್ನು ಕೆಡವಿದಾಗ ಸಿಕ್ಕಿದ್ದು, ಅಪ್ಪಟ ತೇಗ, ಮೇಲೆ ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂಬ ಬರಹ. ಅದಕ್ಕೆ ಮನಸೋತು ಮೊದಲು ಬಾಗಿಲು ತಂದು, ಬಾಗಿಲಿನ ಎತ್ತರಕ್ಕೆ ಗೋಡೆ ಕಟ್ಟಿಸಿ, ಗೋಡೆಯ ಎತ್ತರಕ್ಕೆ ಮಾಡು ಏರಿಸಿದ್ದರಿಂದ ನಮ್ಮ ಕೋಣೆ ಮನೆಗಿಂತ ಒಂದು ಗೇಣು ಎತ್ತರವಿದೆ. ತೊಟ್ಟಿಲಿಗಿಂತ ಮಗು ದೊಡ್ಡದಾದಂತೆ. ಆವತ್ತು ಬಾಗಿಲು ಅಲುಗದಂತೆ ಭದ್ರವಾಗಿ ಕೂತಾದ ಮೇಲೆ ನನ್ನ ಹೆಂಡತಿ ಬಂದು ಬಾಗಿಲನ್ನು ಎರಡೂ ಕಡೆಯಿಂದ ನೋಡಿದಳು.

“ರೀ, ಚಿಲಕ ಹೊರಗಡೆ ಇದೆ.”

ಇತ್ತು. ಬರಹ ಒಳಗೆ, ಚಿಲಕ ಹೊರಗೆ. ಮೇಸ್ತ್ರಿ ನನ್ನನ್ನು ನೋಡಿದ, ನಾನು ಮೇಸ್ತ್ರಿಯನ್ನು ನೋಡಿದೆ.

“ನಮ್ಮಮ್ಮನ್ನ ಇಟ್ಕೊಳ್ತೀರೋ, ಕೂಡಿ ಹಾಕ್ತೀರೋ?” ಎಂದಳು.

ತಮ್ಮ ತಪಾಸಕರು ಕಾಲಿಟ್ಟದ್ದು ಈ ಮುಹೂರ್ತದಲ್ಲಿ. ಗುಂಡಿಯನ್ನು ನೋಡಿ ಮೂಗು ಮುಚ್ಚಿಕೊಂಡರು, ಕೋಣೆಯೊಳಗೆ ಬಂದು ಮೂಗು ಬಿಟ್ಟರು, ಮಣ್ಣಿನ ಗೋಡೆ ಉದುರುತ್ತದಲ್ಲವೇ ಎನ್ನುತ್ತ ಸ್ಕೂಟರಿನ ಕೀಲಿಕೈ ತೆಗೆದು ಎರಡು ಇಟ್ಟಿಗೆಗಳ ಸಂದಿಗೆ ಚುಚ್ಚಿದರು. ಅಲ್ಲಿನ ಗಾರೆ ಇನ್ನೂ ಹಸಿಯಿತ್ತು, ಕೀಲಿಕೈ ಒಳಹೋಗಿ ಇಟ್ಟಿಗೆಗಳ ನಡುವೆ ಸಿಕ್ಕಿಕೊಂಡಿತು. ಅದನ್ನು ಬಲವಾಗಿ ತಿರುಗಿಸಿದರು. ಟಕ್ ಎಂದಿತು. ಅವರ ಕೈಯಲ್ಲಿ ಅರ್ಧ ಉಳಿಯಿತು. ಮೇಸ್ತ್ರಿ ಕೆಮ್ಮು ಬಂದವನಂತೆ ಹೊರಗೆ ಹೋದ. ಹೆಂಡತಿ ಚಹಾ ತಂದಳು. ನಾನು ಅವರ ಸ್ಕೂಟರನ್ನು ಬೀದಿಯ ತುದಿಯ ಮೆಕ್ಯಾನಿಕ್ಕಿನವರೆಗೆ ಹಿಂದಿನಿಂದ ತಳ್ಳಿದೆ. ತಳ್ಳುತ್ತ ಸುಣ್ಣದ ಗಾರೆ ಹೇಗೆ ದಿನ ಕಳೆದಂತೆ ಕಲ್ಲಾಗುತ್ತದೆ ಎಂದು ವಿವರಿಸುವ ಅವಕಾಶವನ್ನೂ ಬಿಡಲಿಲ್ಲ. ಬಹುಶಃ ನೋಟಿಸು ಹುಟ್ಟಿದ್ದು ಅಲ್ಲೇ.

ಆ ನೋಟಿಸಿನಲ್ಲಿ, ಗೋಡೆಯು ಕೀಲಿಕೈಯಿಂದ ಚುಚ್ಚಬಹುದಾದಷ್ಟು ಮೃದುವಾಗಿದೆ ಎಂದಿದೆ. ಚುಚ್ಚಿದ್ದು ನಿಜ ಮಾನ್ಯರೇ. ಹೊರಗೆ ಬಂದದ್ದು ಅರ್ಧ. ಆ ಇನ್ನರ್ಧದ ಪ್ರಸ್ತಾಪ ನೋಟಿಸಿನಲ್ಲಿ ಎಲ್ಲಿಯೂ ಇಲ್ಲವೇಕೆ?

ತಪ್ಪು ನನ್ನದೂ ಇದೆ, ಅಡಗಿಸುವುದಿಲ್ಲ. ಪರವಾನಗಿಯ ಅರ್ಜಿಯಲ್ಲಿ ‘ಗೋಡೆ ಯಾವುದರದ್ದು’ ಎಂದು ಕೇಳಿದ್ದಲ್ಲಿ ಸುಮ್ಮನೆ ಇಟ್ಟಿಗೆ ಎಂದು ಬರೆಯಿರಿ ಎಂದು ತಮ್ಮ ಗುಮಾಸ್ತರು ಹಿತವಾಗಿಯೇ ಹೇಳಿದ್ದರು. ನಾನು ಕೇಳಬೇಕಲ್ಲ. ‘ಸ್ವಂತ ಹಿತ್ತಲಿನ ಮಣ್ಣು’ ಎಂದು ಬರೆದೆ. ಜಾಗ ಸಾಲದೆ ಅಂಚಿನಲ್ಲಿ ಭೂಮಿಯ ಭವಿಷ್ಯದ ಬಗ್ಗೆಯೂ ನಾಲ್ಕು ಮಾತು ಬರೆದೆ. ತಮ್ಮ ನಿಯಮದಲ್ಲಿ ಮಣ್ಣು ಎಂದರೆ ತಾತ್ಕಾಲಿಕ ಎಂದು ಅರ್ಥವಂತೆ. ಮನುಷ್ಯರು ಕಟ್ಟಕಡೆಗೆ ಶಾಶ್ವತವಾಗಿ ಸೇರುವ ವಸ್ತುವನ್ನು ತಾತ್ಕಾಲಿಕ ಎಂದು ಯಾರು ತೀರ್ಮಾನಿಸಿದರೋ ತಿಳಿಯದು.

ಶಾಶ್ವತ ಕಟ್ಟಡ ಹೇಗಿರಬೇಕು ಎಂಬುದನ್ನು ನಾನು ತಮ್ಮ ಕಚೇರಿಯಲ್ಲಿಯೇ ನೋಡಿ ಕಲಿತಿದ್ದೇನೆ. ಮುಂಭಾಗಕ್ಕೆಲ್ಲ ಗಾಜು, ಗಾಜಿನಿಂದ ಬಿಸಿಲು ಬರುತ್ತದೆಂದು ದಪ್ಪ ಪರದೆ, ಪರದೆಯಿಂದ ಕತ್ತಲಾಗುತ್ತದೆಂದು ನಡುಹಗಲಿನಲ್ಲಿ ದೀಪ, ದೀಪದಿಂದ ಸೆಕೆಯಾಗುತ್ತದೆಂದು ಫ್ಯಾನು, ಫ್ಯಾನಿಗೆ ಕಾಗದ ಹಾರುತ್ತದೆಂದು ಪ್ರತಿ ಕಡತದ ಮೇಲೂ ಒಂದು ಕಲ್ಲು. ಕಟ್ಟಡದಲ್ಲಿ ನನಗೆ ಹಿಡಿಸಿದ್ದು ಆ ಕಲ್ಲುಗಳು ಮಾತ್ರ. ನಾನು ಬೆಂಚಿನ ಮೇಲೆ ಕಾಯುತ್ತಿದ್ದಾಗ ಚಾವಣಿಯಿಂದ ಒಂದು ಹಿಡಿಯಷ್ಟು ಗಾರೆ ಕಳಚಿ ನೇರ ನನ್ನ ಅರ್ಜಿಯ ಮೇಲೆ ಬಿತ್ತು. ಪಕ್ಕದಲ್ಲಿ ಸೋರುವ ನೀರಿಗೆ ಬಕೆಟ್ಟಿತ್ತು. ಬಕೆಟ್ಟಿನ ಹಿಂದಿನ ಗೋಡೆಯಲ್ಲಿ ‘ಪರಿಸರ ಉಳಿಸಿ’ ಎಂಬ ಪ್ಲಾಸ್ಟಿಕ್ ಫಲಕವಿತ್ತು. ನಮ್ಮ ಕೋಣೆಯೂ ಬಕೆಟ್ ಪರೀಕ್ಷೆಯಲ್ಲಿ ಒಮ್ಮೆ ಸೋತದ್ದು ಹೌದು. ಆದರೆ ಅದು ಕೋಣೆಯಾಗುವ ಮುಂಚೆ.

ಇನ್ನು ನೋಟಿಸು ಬಂದ ದಿನದ ವಿಷಯ. ಬಾಗಿಲನ್ನು ಕಿತ್ತು ತಿರುಗಿಸಿ ಕೂರಿಸಿಯಾಗಿತ್ತು. ಬರಹ ಹೊರಗೆ ಬಂದಿತ್ತು, ಹೊಸ ಚಿಲಕ ಒಳಗೆ ಹೋಗಿತ್ತು. ಹಿಂದಿನ ದಿನವಷ್ಟೇ ಅತ್ತೆ ಮಂಚ, ರೇಡಿಯೋ, ಊರುಗೋಲು ಸಮೇತ ಒಳಗೆ ಸೇರಿದ್ದರು. ಭಾವಮೈದ ಗೇಲಿ ಮಾಡಲೆಂದೇ ಬಂದವನು ಮಧ್ಯಾಹ್ನದ ಬಿಸಿಲಲ್ಲಿ ಕೋಣೆಯ ತಂಪಿಗೆ ತಾಯಿಯ ಮಂಚದ ಮೇಲೆ ಒರಗಿ ಗೊರಕೆ ಹೊಡೆದಿದ್ದ. ಎದ್ದವನು ಅದೂ ಸಿಮೆಂಟಿನ ಮಹಿಮೆಯೇ ಎಂದ. ಅಷ್ಟರಲ್ಲಿ ಲಕೋಟೆ ಬಂತು. ಅವನೇ ಎರಡೂ ನೋಟಿಸುಗಳನ್ನು ಗಟ್ಟಿಯಾಗಿ ಓದಿದ. ಓದಿ ಮುಗಿಸಿ, “ಭಾವ, ಇದು ಸುಲಭ. ಗೋಡೆ ಕೆಡವಿ ಗುಂಡಿಗೆ ಸುರೀರಿ. ಎರಡಕ್ಕೂ ಒಂದೇ ಉತ್ತರ” ಎಂದ.

ಲೆಕ್ಕ ಸರಿಯಾಗಿತ್ತು. ಮಣ್ಣು ಮಣ್ಣಿಗೆ ಹೋಗುತ್ತಿತ್ತು, ತಮ್ಮ ಎರಡೂ ಆಜ್ಞೆಗಳು ಪಾಲನೆಯಾಗುತ್ತಿದ್ದವು, ಇದಕ್ಕಿಂತ ಪರಿಸರಸ್ನೇಹಿಯಾದ ಕೆಲಸವನ್ನು ನಾನು ಜನ್ಮದಲ್ಲಿ ಮಾಡುವಂತಿರಲಿಲ್ಲ. ಆದರೆ ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಅತ್ತೆ ಊರುಗೋಲು ಹಿಡಿದು ಹೊಸ ಬಾಗಿಲಲ್ಲಿ ನಿಂತಿದ್ದರು.

“ಕೆಡವೋಕೆ ಯಾವತ್ತು ಬರ್ತಾರಂತೆ?” ಎಂದು ಕೇಳಿದರು.

“ದಿನ ಹೇಳಿಲ್ಲ ಕಣಮ್ಮ.”

“ಬರೋರಿಗೆ ಹೇಳಪ್ಪ, ಬಾಗಿಲು ತಟ್ಟಿ ಬರ್ಲಿ ಅಂತ. ನಾನು ಮಲಗಿರ್ತೀನಿ.”

ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದು ಹಿತ್ತಲಿಗೆಲ್ಲ ಕೇಳಿಸಿತು. ನಾವು ಮೂವರೂ ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂಬುದನ್ನು ಓದುತ್ತ ನಿಂತೆವು. ಮಾನ್ಯರೇ, ಇಷ್ಟು ವರ್ಷದಲ್ಲಿ ನಮ್ಮ ಅತ್ತೆ ನನ್ನ ಮುಖದೆದುರು ಬಾಗಿಲು ಹಾಕಿಕೊಂಡದ್ದು ಅದೇ ಮೊದಲು, ಮತ್ತು ನನಗೆ ಅಷ್ಟು ಸಂತೋಷವಾದದ್ದೂ ಅದೇ ಮೊದಲು.

ಆದ್ದರಿಂದ ನನ್ನ ಬೇಡಿಕೆ ಇದು. ಗೋಡೆಯನ್ನು ಅದರ ಹೆಸರಿನಿಂದ ಅಳೆಯಬೇಡಿ, ನೀರು ಸುರಿದು, ಭಾರ ಹೇರಿ, ಬೇಕಾದರೆ ಇನ್ನೊಂದು ಕೀಲಿಕೈ ಚುಚ್ಚಿ ಅಳೆಯಿರಿ. ನಿಂತರೆ ಮೊದಲ ನೋಟಿಸನ್ನು ಲಿಖಿತವಾಗಿ ಹಿಂಪಡೆಯಿರಿ, ನನ್ನ ನಂತರ ಕಟ್ಟುವವರು ಇಟ್ಟಿಗೆ ಎಂದು ಸುಳ್ಳು ಬರೆಯಬೇಕಾಗಿ ಬರದಂತೆ ನಿಯಮ ತಿದ್ದಿರಿ. ಗುಂಡಿಯ ವಿಷಯದಲ್ಲಿ ತಮ್ಮದೇ ಸರಿ, ಶಿರಬಾಗುತ್ತೇನೆ. ಉಳಿದ ಬಿದಿರು ಮೇಲೆ ಬಂದ ಕೂಡಲೇ ಮುಚ್ಚುತ್ತೇನೆ. ತುಂಬಲು ತಮ್ಮ ಚಾವಣಿಯಿಂದ ಬೀಳುವ ಗಾರೆಯನ್ನು ದಯಪಾಲಿಸಿದರೆ ಅದೂ ಮರುಬಳಕೆಯಾದೀತು. ಪಕ್ಕದ ಮನೆಯವರ ಕ್ಷಮೆಯನ್ನು ನಾನೇ ಪ್ರತ್ಯೇಕವಾಗಿ ಕೇಳಿದ್ದೇನೆ. ಅವರು ಕಿಟಕಿಯನ್ನು ಅರ್ಧ ತೆರೆದಿದ್ದಾರೆ.

ಇಂತಿ, ಮೊಣಕಾಲಿನವರೆಗೆ ಕೆಸರಾಗಿ, ಕೈ ಮಾತ್ರ ತೊಳೆದುಕೊಂಡು ಸಹಿ ಹಾಕಿರುವ,
ತಾತ್ಕಾಲಿಕ ಕೋಣೆಯ ಶಾಶ್ವತ ಅರ್ಜಿದಾರ

ತಾ.ಕ.: ತಮ್ಮ ತಪಾಸಕರು ಮತ್ತೆ ಬರುವಾಗ ತಮ್ಮಲ್ಲಿರುವ ಅರ್ಧ ಕೀಲಿಕೈಯನ್ನು ಜೊತೆಗೆ ತರಲು ಹೇಳಿ, ಗೋಡೆಯಲ್ಲಿರುವ ಅರ್ಧದ ಪಕ್ಕ ಹಿಡಿದು ನೋಡಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಕಿತ್ತುಕೊಂಡು ಹೋಗುವುದು ಮಾತ್ರ ಬೇಡ. ಅತ್ತೆ ಅದರ ಹೊರಚಾಚಿದ ತುದಿಗೆ ದಾರ ಕಟ್ಟಿ ಕನ್ನಡಕ ತೂಗುಹಾಕಿಕೊಂಡಿದ್ದಾರೆ. ಮತ್ತೆ, ದಯವಿಟ್ಟು ಬಾಗಿಲು ತಟ್ಟಲು ಹೇಳಿ. ಒಂದು ಸಲ ತಟ್ಟಿದರೆ ಸಾಕು, ಅತ್ತೆಯ ಕಿವಿ ಚುರುಕಾಗಿದೆ. ಎದ್ದು ಬಂದು ಚಿಲಕ ತೆಗೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.