ಹೊಸ ರೈಫಲ್ಲಿಗೆ ಹಳೆಯ ಅಳತೆ

ಹಸನಬ್ಬ ಕಾಕ,

ಕೊನೆಯವರೆಗೂ ನಿಮ್ಮಿಂದ ಮುಚ್ಚಿಟ್ಟ ಒಂದು ಮಾತಿದೆ. ನನಗೆ ಬಂದೂಕೆಂದರೆ ಹೆದರಿಕೆ. ತೋಟೆ ಪರೀಕ್ಷಿಸಲು ನೀವು ಮರಳುಗಾಡಿಗೆ ಕರೆದಾಗಲೆಲ್ಲ ನನಗೆ ಹೊಟ್ಟೆನೋವು ಬರುತ್ತಿತ್ತಲ್ಲ? ನೋವೂ ಇರಲಿಲ್ಲ, ಗೀವೂ ಇರಲಿಲ್ಲ. ಅದೊಂದು ಬಿಟ್ಟರೆ ನಿಮಗೆ ನಾನು ಸುಳ್ಳು ಹೇಳಿಲ್ಲ.

ನಾನು ಸೌದಿಯ ಹಾಯಿಲಿಗೆ ಬಂದ ಹೊಸತು ನೆನಪಿದೆಯಾ? ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟು, ಮಂಗಳೂರಿನ ಯಾವ ಗ್ಯಾರೇಜಿನಲ್ಲೂ ನಿಲ್ಲದೆ ಬಂದವನು. ನಮಗೆ ವೀಸಾ ಕೊಟ್ಟ ಧಣಿ ಕಫೀಲನ ಪಂಪು ರಿಪೇರಿ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ನೀವು ಅವನ ಬೇಟೆಯ ರೈಫಲ್ಲಿಗೆ ತೋಟೆ ತುಂಬುತ್ತಿದ್ದಿರಿ. ಮದ್ದಿಲ್ಲದ ಖಾಲಿ ತೋಟೆಗೆ ಗುಂಡನ್ನು ಸಡಿಲವಾಗಿ ಸಿಕ್ಕಿಸಿ, ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿ, ರೈಫಲ್ಲಿನೊಳಗೆ ತಳ್ಳಿ ಹಿಂಬದಿಯ ಬೋಲ್ಟ್ ಮುಚ್ಚಿದಿರಿ. ಮೆಲ್ಲಗೆ ಹೊರಗೆಳೆದಾಗ, ನಳಿಗೆಯ ಒಳಗಿನ ಸುರುಳಿ ಏಣುಗಳು ತಾಗಿದಲ್ಲಿ ಮಸಿ ಗೀರಿತ್ತು.

"ಇಗೋ, ಇದರ ಜಾಗ ಇಲ್ಲಿಗೆ ಮುಗೀತು. ತೋಟೆಯ ಉದ್ದ ಇದಕ್ಕಿಂತ ಒಂಚೂರು ಕಮ್ಮಿ ಇರ್ಬೇಕು. ಇಲ್ಲದಿದ್ರೆ ಗುಂಡು ಏಣುಗಳಿಗೆ ಒತ್ತಿ ಕೂರ್ತದೆ, ಒತ್ತಡ ಏರಿ ಬೋಲ್ಟ್ ಮುಖಕ್ಕೇ ಬರ್ತದೆ."

"ಎಲ್ಲ ರೈಫಲ್ಲಿಗೂ ಇದೇ ಅಳತೆಯಾ ಕಾಕ?"

"ನಿನ್ನ ಚಪ್ಪಲಿ ನನಗಾಗ್ತದಾ ಮಾರಾಯ?" ಎಂದಿರಿ. ಆ ರೈಫಲ್ಲಿಗೆ ನೀವೇ ಅಳೆದು ಪರೀಕ್ಷಿಸಿದ ತೋಟೆಗಳ ಬುಡಕ್ಕೆ ಮಾತ್ರ ಹಸಿರು ಚುಕ್ಕೆ ಇಡುತ್ತಿದ್ದಿರಿ.

ಮನೆಗೆ ಕಳಿಸಲು ಕ್ಯಾಸೆಟ್ಟಿಗೆ ಮಾತು ತುಂಬುವಾಗ ನನ್ನನ್ನು ಹೊರಗೆ ಕಳಿಸುತ್ತಿದ್ದಿರಿ. ಒಮ್ಮೆ ಬಾಗಿಲಾಚೆಯಿಂದ ಕೇಳಿಸಿತು: "ಇಲ್ಲೊಬ್ಬ ಹುಡುಗ ಬಂದಿದ್ದಾನೆ. ಬಾಯಿ ಜೋರು, ಕೈ ಒಳ್ಳೆದುಂಟು." ಅದನ್ನು ನನಗೇ ಒಮ್ಮೆ ಹೇಳಿದ್ದರೆ...

ನೀವು ತೀರಿಕೊಂಡ ಮೇಲಿನ ಮೊದಲ ಚಳಿಗಾಲದಲ್ಲಿ ಕಫೀಲ್ ತನ್ನ ಮಗನಿಗೆ ಹೊಸ ರೈಫಲ್ ತಂದ. ಹಳೆಯದರ ಕಂಪನಿಯದೇ, ಅದೇ ತೋಟೆಯದು. ಮರುದಿನವೇ ಬೇಟೆ, ಅತಿಥಿಗಳು ಬಂದಾಗಿತ್ತು. ಹಳೆಯದಕ್ಕೆ ನೀವು ಮಾಡಿಟ್ಟಿದ್ದ ಮಾದರಿ ತೋಟೆ ನನ್ನ ಕೈಗಿಟ್ಟು, "ಇಷ್ಟೇ ಉದ್ದ. ಹಸನ್ ಇಡುತ್ತಿದ್ದ ಹಸಿರು ಚುಕ್ಕೆಯನ್ನೂ ಇಡು. ಯಲ್ಲಾ!" ಎಂದ. ನಾನು ಮಸಿ ಹಿಡಿದು ನೋಡಿದೆ. ಹೊಸ ನಳಿಗೆಯಲ್ಲಿ ಏಣು ಬೇಗನೆ ಶುರುವಾಗುತ್ತಿತ್ತು. ನಿಮ್ಮ ಅಳತೆಯ ತೋಟೆಗೆ ಬೋಲ್ಟ್ ಬಿಗಿಯಾಯಿತು. ಉದ್ದ ಕಡಿಮೆ ಮಾಡಿದರೆ ಮದ್ದನ್ನೂ ಹೊಸದಾಗಿ ತೂಗಿ ಪರೀಕ್ಷಿಸಬೇಕು, ಎರಡು ದಿನ ಕೊಡಿ ಎಂದೆ.

"ಹಸನ್‌ನ ಅಳತೆ ತಪ್ಪಾ?" ಎಂದು ಕಫೀಲ್ ರೇಗಿದ. ನಮ್ಮ ಫೋರ್‌ಮನ್ ಸುಂದರಣ್ಣ ನನ್ನನ್ನು ಪಕ್ಕಕ್ಕೆಳೆದರು.

"ಎಂತ ಮಾರಾಯ, ಕೂದಲೆಳೆಯಷ್ಟಕ್ಕೆ ಕೆಲಸ ಕಳ್ಕೊಳ್ತಿಯಾ? ಚುಕ್ಕೆ ಇಟ್ಟು ಕೊಡು. ಸತ್ತವರ ಅಳತೆ, ನಿನ್ನ ಮೇಲೆ ಎಂತ ಬರುದಿಲ್ಲ."

ಅಲ್ಲಿಗೆ ನನ್ನ ತಲೆ ಕೆಟ್ಟಿತು. "ಕಾಕ ಈ ರೈಫಲ್ ಮುಟ್ಟಿಯೇ ಇಲ್ಲ. ಅವರ ಚುಕ್ಕೆ ಇದಕ್ಕೆ ನಾನು ಇಡುದಿಲ್ಲ."

ಕಫೀಲ್ ನಕ್ಕ. "ಬಂದೂಕಿಗೆ ಹೆದರುವ ಹುಡುಗ!"

"ಹೌದು, ಹೆದರ್ತೇನೆ. ಅದಕ್ಕೇ ಅಳೆಯೋದು," ಎಂದೆ, ನನ್ನ ಹರಕು ಅರಬಿಯಲ್ಲೇ. ನಿಮಗೆ ಹೇಳಲಾಗದ್ದನ್ನು ಅವನ ಮುಖಕ್ಕೆ ಹೇಳಿದೆ ಕಾಕ.

ಮಗ ಹಳೆಯ ರೈಫಲ್ಲಿನಲ್ಲೇ ಬೇಟೆಗೆ ಹೋಗಿ ಕ್ಷೇಮವಾಗಿ ಬಂದ. ಕಫೀಲನಿಗೆ ಮಾತ್ರ ಅತಿಥಿಗಳ ಮುಂದೆ ಮರ್ಯಾದೆ ಹೋಯಿತಂತೆ. ನನ್ನ ವಾಸದ ಪರವಾನಗಿ ಇಕಾಮಾ ಕಿತ್ತುಕೊಂಡ, ಪಾಸ್‌ಪೋರ್ಟಿಗೆ ದೇಶ ಬಿಡುವ ಎಕ್ಸಿಟ್ ಮುದ್ರೆ ಹೊಡೆಸಿದ. "ಹೋಗಿ ಕ್ಷಮೆ ಕೇಳು" ಎಂದರು ಸುಂದರಣ್ಣ. "ಯಾವ ತಪ್ಪಿಗೆ?" ಎಂದೆ. ನೀವಿದ್ದರೆ ನನಗೆ ಬೈಯುತ್ತಿದ್ದಿರಾ? ಬೈದರೂ ನಾನು ಕೇಳುತ್ತಿರಲಿಲ್ಲ.

ಊರಲ್ಲಿ ಏನು ಮಾಡುತ್ತೇನೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಹೊರಡುತ್ತೇನೆ.