ಐದನೆಯ ಭಾನುವಾರದ ಪಾಠ

ಬಸವನಗುಡಿ, ಬೆಂಗಳೂರು
೮ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಈಗ ಹೇಗಿದೆ? ಅತ್ತಿಗೆಯ ಕೆಮ್ಮು ಬಿಟ್ಟಿತೇ? ರಾಯಚೂರಿನ ಬಿಸಿಲು ಈಗಲೇ ಏರತೊಡಗಿದೆಯಂತೆ, ಮಧ್ಯಾಹ್ನ ಹೊರಗೆ ಅಲೆಯಬೇಡ. ಇಲ್ಲಿ ನಾವು ಚೆನ್ನಾಗಿದ್ದೇವೆ. ಇವರು ಎಂದಿನಂತೆ ಸ್ಕೂಟರಿನಲ್ಲಿ ಆಫೀಸಿಗೆ ಹೋಗಿ ಬರುತ್ತಾರೆ. ಅಮ್ಮನ ಮಂಡಿಯ ಹೊಲಿಗೆ ಒಣಗಿದೆ, ಜ್ವರವಿಲ್ಲ, ಊಟ ಸೇರುತ್ತಿದೆ. ನಿನ್ನೆ ಎರಡು ಅಕ್ಕಿರೊಟ್ಟಿ ತಿಂದು ಮೂರನೆಯದಕ್ಕೆ ಬೇಡ ಬೇಡ ಎನ್ನುತ್ತಲೇ ತಟ್ಟೆ ಮುಂದೆ ಮಾಡಿದಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ನಿನ್ನ ಫೋನ್ ಬಂದರೆ ಅದು ಅಮ್ಮನ ಕೈಗೇ ಹೋಗುತ್ತದೆ, ಸ್ಪೀಕರ್ ಹಾಕಿಯೇ ಮಾತಾಡುತ್ತಾಳೆ, ನನ್ನ ಪಾಲಿಗೆ ಉಳಿಯುವುದು ಕೊನೆಯ ಅರ್ಧ ನಿಮಿಷ. ಅದಕ್ಕೇ ಕಾಗದ.

ಆ ಸ್ಪೀಕರಿನಿಂದಲೇ ನಾನು ಜನವರಿ ಇಪ್ಪತ್ತೆಂಟರ ಮಾತನ್ನೂ ಕೇಳಿಸಿಕೊಂಡೆ. ನೀನು ಇದೇ ಇಪ್ಪತ್ತೊಂದಕ್ಕೆ ಬಂದು ಅಮ್ಮನನ್ನು ರಾಯಚೂರಿಗೆ ಕರೆದುಕೊಂಡು ಹೋಗುತ್ತೀಯ, ಮಂಡಿ ಪೂರ್ತಿ ವಾಸಿಯಾಗುವವರೆಗೆ ಅಲ್ಲೇ ಇಟ್ಟುಕೊಳ್ಳುತ್ತೀಯ ಎಂದು ಇಬ್ಬರೂ ತೀರ್ಮಾನ ಮಾಡಿದಿರಿ. ನಾನು ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿದ್ದೆ. ಕಾರಣ ಏನೆಂದು ಅಮ್ಮ ನಿನಗೆ ಹೇಳಿದ್ದೂ ಕೇಳಿತು: "ಇವಳ ಕಾರಲ್ಲಿ ಕೂರಕ್ಕಾಗಲ್ಲಪ್ಪ ಕೇದಾರ. ಬ್ರೇಕ್ ಹಾಕಿದ್ರೆ ಮಂಡಿಗೆ ಮೊಳೆ ಹೊಡೆದಂಗಾಗತ್ತೆ. ನೀನು ಓಡಿಸ್ತಿದ್ರೆ ನಿಂತಿದ್ದೂ ಗೊತ್ತಾಗ್ತಿರ್ಲಿಲ್ಲ."

ಅಮ್ಮ ಹೇಳಿದ್ದು ಸುಳ್ಳಲ್ಲ. ಡಿಸೆಂಬರ್ ಹದಿನೆಂಟಕ್ಕೆ ಮಂಡಿಯ ಆಪರೇಷನ್ ಆಯಿತು. ಅಂದಿನಿಂದ ವಾರಕ್ಕೆ ಮೂರು ದಿನ ಚಾಮರಾಜಪೇಟೆಯಲ್ಲಿ ವ್ಯಾಯಾಮ ಮಾಡಿಸುವವರ ಬಳಿ ಕರೆದುಕೊಂಡು ಹೋಗಬೇಕು. ನಮ್ಮ ಮನೆಯಿಂದ ಅಲ್ಲಿಗೆ ಎರಡೂವರೆ ಕಿಲೋಮೀಟರ್, ಹನ್ನೊಂದು ಹಂಪು, ಮೂರು ಸಿಗ್ನಲ್. ಮಂಡಿ ತೊಂಬತ್ತು ಡಿಗ್ರಿ ಮಡಚಬೇಕು, ಕಳೆದ ತಿಂಗಳ ಕೊನೆಗೆ ಎಪ್ಪತ್ತೇ ಆಗಿತ್ತು. ನೀನು ಬಿಟ್ಟುಹೋದ ಹಳೆಯ ಕಾರಿನಲ್ಲಿ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. ಜನವರಿಯ ಕೊನೆಯ ವಾರ ಎರಡು ಸಲ ಹೋಗಲೇ ಇಲ್ಲ. ಒಂದು ಸಲ ಗೇಟಿನ ತನಕ ಬಂದವಳು ಕಾರಿನ ಬಾಗಿಲು ತೆಗೆದು ನಿಂತ ನನ್ನನ್ನು ನೋಡಿ, "ಆಟೋ ಕರಿಯೇ" ಅಂದಳು. ಗಾಂಧಿ ಬಜಾರಿನ ಕಡೆಯಿಂದ ಬಂದ ಆಟೋದವನು ನನ್ನನ್ನೂ ಕಾರನ್ನೂ ನೋಡಿ ನಕ್ಕ.

ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಬರೆಯಲು ನನಗೇನೂ ಸಂಕೋಚವಿಲ್ಲ. ಅಮ್ಮನಿಗೆ ದಿನಕ್ಕೆ ಮೂರು ಸಲ ಔಷಧಿ ಕೊಡುವವಳು ನಾನು, ಕಾಲಿಗೆ ಐಸ್ ಇಡುವವಳು ನಾನು, ರಜೆ ಹಾಕಿ ಕಾಲೇಜಿನ ಆಫೀಸಿನಲ್ಲಿ ಮಾತು ಕೇಳುವವಳು ನಾನು. ಆದರೆ ನಾನೂರು ಕಿಲೋಮೀಟರ್ ದೂರದಲ್ಲಿ ಕೂತ ನಿನ್ನ ಬ್ರೇಕಿನ ಗುಣಗಾನ ದಿನವೂ ಕೇಳಬೇಕು. ಅದೂ ನೀನೀಗ ಓಡಿಸುವುದು ಕ್ಲಚ್ಚೇ ಇಲ್ಲದ ಕಾರು. ಅಪ್ಪ ನಿನಗೆ ಕಲಿಸಿದ ವಿದ್ಯೆ ಅಲ್ಲಿ ಮೂಲೆಗೆ ಬಿದ್ದಿದೆ. ಅದು ಬೇಕಾಗಿರುವುದು ನನಗೆ.

ಬ್ರೇಕ್ ಕೆಟ್ಟಿದೆ ಎಂದೇ ನಾನು ನಂಬಿದ್ದೆ. ಹಾಗಾಗಿ ಜನವರಿ ಮೂವತ್ತೊಂದರ ಶನಿವಾರ ಕಾರನ್ನು ಶ್ರೀರಾಂಪುರಕ್ಕೆ ಒಯ್ದೆ. ಅಪ್ಪನ ಸ್ನೇಹಿತ ಮುನಿರಾಮಪ್ಪನವರ ಗ್ಯಾರೇಜು ನಿನಗೆ ನೆನಪಿದೆಯಲ್ಲ, ಭಾನುವಾರಗಳಂದು ನಿನ್ನ ಕಲಿಕೆಗೆ ತಮ್ಮ ಹಳೆಯ ಅಂಬಾಸಿಡರ್ ಕೊಡುತ್ತಿದ್ದರು. ಈಗ ಗ್ಯಾರೇಜು ಮಗ ನೋಡಿಕೊಳ್ಳುತ್ತಾನೆ, ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ. ಎಂಬತ್ತೊಂದು ವರ್ಷ, ಕಿವಿ ಚುರುಕು. ನಾನು ಕಾರು ನಿಲ್ಲಿಸಿದ ಸದ್ದಿಗೇ ಪೇಪರ್ ಮಡಚಿದರು. ಪಕ್ಕದಲ್ಲಿ ಕೂತು, ಒಂದು ಸುತ್ತು ಹೊಡಿ ಅಂದರು. ಎರಡು ತಿರುವು ದಾಟುವಷ್ಟರಲ್ಲಿ ತೀರ್ಪು ಬಂತು: "ಬ್ರೇಕ್ ಸರ್ಯಾಗೈತೆ ಕಣಮ್ಮ. ನಿನ್ ಎಡಗಾಲು ಸರ್ಯಾಗಿಲ್ಲ."

ನಾನು ಮಾಡುತ್ತಿದ್ದ ತಪ್ಪು ಇಷ್ಟು. ಮುಂದೆ ಹಂಪು ಕಂಡ ಕೂಡಲೇ ಮೊದಲು ಕ್ಲಚ್ ಒತ್ತುತ್ತಿದ್ದೆ. ಕ್ಲಚ್ ಒತ್ತಿದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪುತ್ತದೆ, ಗಾಡಿ ತನ್ನಷ್ಟಕ್ಕೆ ಉರುಳುತ್ತದೆ. ಆಮೇಲೆ ಹೆದರಿ ಬ್ರೇಕ್ ಜೋರಾಗಿ ಒತ್ತಬೇಕಾಗುತ್ತದೆ, ಅದು ಒಂದು ಕುಲುಕು. ಹಂಪು ದಾಟಿದ ಮೇಲೆ ಮೂರನೇ ಗೇರಿನಲ್ಲೇ ಕ್ಲಚ್ ಫಕ್ಕನೆ ಬಿಡುತ್ತಿದ್ದೆ, ಅದು ಇನ್ನೊಂದು. ಅಮ್ಮನ ಮಂಡಿ ಎರಡನ್ನೂ ಎಣಿಸುತ್ತಿತ್ತು. ಮುನಿರಾಮಪ್ಪನವರು ಹೇಳಿದ ಕ್ರಮ ಬೇರೆ. ದೂರದಲ್ಲೇ ಆಕ್ಸಿಲರೇಟರ್‌ನಿಂದ ಕಾಲು ತೆಗಿ, ಎಂಜಿನ್ನೇ ಗಾಡಿಯನ್ನು ಅರ್ಧ ಹಿಡಿಯುತ್ತದೆ. ಬ್ರೇಕನ್ನು ಮೆಲ್ಲಗೆ ಒತ್ತು. ವೇಗ ಇಳಿದ ಮೇಲೆ ಕ್ಲಚ್ ಒತ್ತಿ ಒಂದು ಗೇರ್ ಇಳಿಸು, ಕ್ಲಚ್ ನಿಧಾನವಾಗಿ ಬಿಡು. ಪೂರ್ತಿ ನಿಲ್ಲಿಸುವುದಾದರೆ ಎಂಜಿನ್ ನಡುಗುವ ಮೊದಲು, ಕೊನೆಗೆ ಕ್ಲಚ್. ನಿಂತೇಬಿಟ್ಟಿತು ಅನ್ನುವ ಗಳಿಗೆಯಲ್ಲಿ ಬ್ರೇಕಿನ ಮೇಲಿನ ಕಾಲನ್ನು ಕೂದಲೆಳೆಯಷ್ಟು ಸಡಿಲಿಸು. ಅವರ ಮಾತಿನಲ್ಲೇ ಹೇಳುವುದಾದರೆ, "ಮೊದ್ಲೇ ಕ್ಲಚ್ ಒತ್ತಿದ್ರೆ ಗಾಡಿ ಕೈ ಬಿಟ್ಟಂಗೆ. ಕೈ ಬಿಟ್ಬಿಟ್ಟು ಆಮ್ಯಾಕೆ ಕತ್ತಿನ ಪಟ್ಟಿ ಹಿಡಿದು ಎಳೆದ್ರೆ ಅದು ಜಗ್ದೆ ಇನ್ನೇನ್ ಮಾಡ್ತದೆ?"

ಯಾರು ನಿನಗೆ ಹೀಗೆ ಕಲಿಸಿದ್ದು ಎಂದು ಕೇಳಿದರು. ಅಪ್ಪ ಅಂದೆ. "ವೃಷಭೇಂದ್ರಪ್ಪ ಹಿಂಗ್ ಕಲ್ಸಿರಾಕಿಲ್ಲ, ಸುಮ್ನಿರಮ್ಮ" ಎಂದು ಗದರಿದರು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿದೆ, ಹಾಕಿದಾಗ ಎಲ್ಲ ಸರಿಹೊಂದಿತು. ೧೯೯೨ರ ಬೇಸಿಗೆ. ನಿನಗೆ ಹದಿನೆಂಟು, ನನಗೆ ಹದಿನೈದು. ಅಪ್ಪ ಇಲಾಖೆಯ ಕಾರು ಓಡಿಸುವ ನೌಕರರಾಗಿದ್ದರು, ಭಾನುವಾರ ಬೆಳಿಗ್ಗೆ ಮಾತ್ರ ನಿನ್ನ ಪಾಲಿಗೆ ಸಿಗುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತು ನಿಮ್ಮಿಬ್ಬರ ಭುಜಗಳ ನಡುವೆ ತಲೆ ತೂರಿಸಿ ನೋಡುತ್ತಿದ್ದೆ. ಮೊದಲ ನಾಲ್ಕು ಭಾನುವಾರ ನಿನಗೆ ಗಾಡಿ ಆಫ್ ಮಾಡದೆ ನಿಲ್ಲಿಸಲು ಬರುತ್ತಿರಲಿಲ್ಲ. ಆದ್ದರಿಂದ ಅಪ್ಪ ಕೂಗುತ್ತಿದ್ದದ್ದು ಒಂದೇ: "ಕ್ಲಚ್ ಒತ್ತೋ, ಮೊದ್ಲು ಕ್ಲಚ್ ಒತ್ತು!" ಅದನ್ನು ನಾನು ಬಾಯಿಪಾಠ ಮಾಡಿದೆ. ನಾಲ್ಕನೆಯ ಭಾನುವಾರ ಬಸವನ ಗುಡಿಯ ಏರಿನಲ್ಲಿ ನಿನ್ನ ಗಾಡಿ ಮೂರು ಸಲ ಆಫ್ ಆಗಿ, ಹಿಂದಿನ ಎತ್ತಿನ ಗಾಡಿಯವನು ಬೈದಾಗ ನಾನು ಬಿದ್ದು ಬಿದ್ದು ನಕ್ಕೆ. ಮನೆಗೆ ಬಂದು ನೀನು ಅಪ್ಪನಿಗೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಇವಳು ಹಿಂದೆ ಕೂತು ನಗ್ತಾಳೆ, ಮುಂದಿನ ವಾರದಿಂದ ಕರ್ಕೊಂಡು ಬರ್ಬೇಡಿ." ಐದನೆಯ ಭಾನುವಾರ ನಾನು ಮನೆಯಲ್ಲಿ ಅಮ್ಮನ ಜೊತೆ ಇಡ್ಲಿ ಹಿಟ್ಟು ರುಬ್ಬಿದೆ. ಅಂದೇ ಅಪ್ಪ ನಿನಗೆ ಮುಂದಿನ ಪಾಠ ಹೇಳಿಕೊಟ್ಟಿರಬೇಕು: ಮೊದಲು ಬ್ರೇಕ್, ಕೊನೆಗೆ ಕ್ಲಚ್.

ಇಷ್ಟು ವರ್ಷ ನಾನು ಓಡಿಸಿದ್ದೆಲ್ಲ ಆ ನಾಲ್ಕು ಭಾನುವಾರದ ಪಾಠದ ಮೇಲೆ. ನಡುವೆ ಡ್ರೈವಿಂಗ್ ಸ್ಕೂಲಿಗೂ ಹೋಗಿದ್ದೆ, ನಿಜ. ಅಲ್ಲಿ ಪಕ್ಕದವನ ಕಾಲ ಕೆಳಗೂ ಒಂದು ಬ್ರೇಕ್ ಇತ್ತು, ನಾನು ಒತ್ತುವ ಮೊದಲೇ ಅವನು ಒತ್ತುತ್ತಿದ್ದ, ಲೈಸೆನ್ಸ್ ಬಂತು. ಅಪ್ಪ ಬದುಕಿದ್ದಾಗ ಕೇಳಬಹುದಿತ್ತಲ್ಲ ಎಂದು ನೀನು ಅನ್ನಬಹುದು. ಕೇಳಲಿಲ್ಲ. ಅವರಾಗಿಯೇ ಕರೆಯಲಿ ಎಂದುಕೊಂಡಿದ್ದೆ.

ಈ ವಾರ ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಆರಕ್ಕೆ ಎದ್ದು, ಖಾಲಿ ಕಾರಿನಲ್ಲಿ ಅದೇ ಹನ್ನೊಂದು ಹಂಪುಗಳ ಮೇಲೆ ಹೋಗಿ ಬಂದೆ. ಮೊದಲ ದಿನ ಎರಡು ಸಲ ಎಂಜಿನ್ ಆಫ್ ಆಯಿತು. ಗಾಂಧಿ ಬಜಾರಿನಲ್ಲಿ ಹೂವು ಇಳಿಸುತ್ತಿದ್ದವರು ತಿರುಗಿ ನೋಡಿದರು. ಗುರುವಾರದ ಹೊತ್ತಿಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟ ಕನ್ನಡಕದ ಡಬ್ಬಿ ಮನೆಯಿಂದ ಚಾಮರಾಜಪೇಟೆಯವರೆಗೆ ಜರುಗಲಿಲ್ಲ. ಶುಕ್ರವಾರ ಅಮ್ಮನನ್ನು ಒಂದೇ ಒಂದು ಸಲ ಎಂದು ಬೇಡಿಕೊಂಡು ಕೂರಿಸಿದೆ. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ರಾಮಕೃಷ್ಣ ಆಶ್ರಮದ ವೃತ್ತದಲ್ಲಿ ಒಂದು ಕೈ ಇಳಿಯಿತು. ಕೊನೆಯ ಸಿಗ್ನಲ್ಲಿನಲ್ಲಿ ಇನ್ನೊಂದು ಕೈಯೂ ಇಳಿದು ಸೆರಗು ಸರಿಮಾಡಿಕೊಂಡಿತು. ಹೊಗಳಿಕೆಯ ಮಾತೇನೂ ಬರಲಿಲ್ಲ. "ರೋಡ್ ರಿಪೇರಿ ಮಾಡಿದಾರೇನೇ?" ಎಂದು ಕೇಳಿದಳು. ಅಂದು ಮಂಡಿ ಎಂಬತ್ತೆರಡು ಡಿಗ್ರಿ ಮಡಚಿತು.

ನೀನು ಇಪ್ಪತ್ತೊಂದಕ್ಕೆ ಬರುವುದು ಬೇಡ ಎಂದು ನಾನು ಹೇಳುತ್ತಿಲ್ಲ. ವಿಷಯ ತಿಳಿದಿರಲಿ ಎಂದು ಬರೆದೆ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಬೆನ್ನಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ. ನಿನ್ನ ಮೇಲಿನ ಸಿಟ್ಟು ಸಿಟ್ಟಾಗಿಯೇ ಇದೆ, ಪ್ರೀತಿ ಪ್ರೀತಿಯಾಗಿಯೇ ಇದೆ.

ನಿನ್ನ ತಂಗಿ,
ಕೋಕಿಲಾ

ತಾ.ಕ.: ಸೋಮವಾರ ಸಂಜೆ. ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಇಷ್ಟು. ಇಂದು ವಾಪಸು ಬರುವಾಗ ಅಮ್ಮ ನಿದ್ದೆ ಹೋದಳು, ನನ್ನ ಕಾರಿನಲ್ಲಿ, ನನ್ನ ಪಕ್ಕದಲ್ಲಿ. ಎಬ್ಬಿಸಲು ಮನಸ್ಸಾಗದೆ ಮನೆಯ ಮುಂದಿನಿಂದಲೇ ಹಾದು ಇನ್ನೆರಡು ಸುತ್ತು ಹಾಕಿದೆ. ಗೇಟಿನಲ್ಲಿ ನಿಲ್ಲಿಸಿದ್ದು ಗೊತ್ತಾಗಲಿಲ್ಲ ಅವಳಿಗೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆಯದೆಯೇ, "ಮನೆ ಬಂತೇನೋ ಕೇದಾರ?" ಅಂದಳು. ಬಂತಮ್ಮ ಅಂದೆ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ. ಅಮ್ಮನನ್ನು ಕರೆದುಕೊಂಡು ಹೋಗಬೇಡ, ಅಣ್ಣಾ. ಇನ್ನು ಎಂಟೇ ಡಿಗ್ರಿ ಉಳಿದಿದೆ, ಅದು ನನ್ನ ಕಾರಿನಲ್ಲೇ ಆಗಲಿ. ಇಪ್ಪತ್ತೊಂದಕ್ಕೆ ಖಂಡಿತ ಬಾ. ನಾನು ಓಡಿಸುತ್ತೇನೆ, ಅಮ್ಮ ಮುಂದೆ ಕೂರುತ್ತಾಳೆ, ನೀನು ಹಿಂದಿನ ಸೀಟಿನಲ್ಲಿ ಕೂರು. ಬೇಕಾದರೆ ನಗು. ನಾನಂತೂ ನಿನ್ನನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ.